ಅಕ್ಕನ ಹೊಟ್ಟೆಯ ಮೇಲೆ ಅರ್ಧಚಂದ್ರ

ನಮ್ಮ ಮನೆಯಲ್ಲಿ ಒಬ್ಬರ ಕಣ್ಣಿಗೂ ಪೆಟ್ಟಾಗಬಾರದು, ಆದರೆ ಒಬ್ಬರೂ ಸೂರ್ಯಗ್ರಹಣ ತಪ್ಪಿಸಿಕೊಳ್ಳಬಾರದು! ಬಿ.ಎಸ್‌ಸಿ. ಎರಡನೇ ವರ್ಷದ ಫಿಸಿಕ್ಸ್ ವಿದ್ಯಾರ್ಥಿನಿಯಾದ ನಾನು, ವರ್ಷಾ, ಲಿಂಗಂಪಲ್ಲಿಯ ನಮ್ಮ ಎರಡು ಬೆಡ್‌ರೂಮಿನ ಸಾಮ್ರಾಜ್ಯದಲ್ಲಿ ಉಪ್ಪಿಟ್ಟಿನ ತಟ್ಟೆ ಸಾಕ್ಷಿಯಾಗಿ ಹೀಗೆ ಘೋಷಣೆ ಹೊರಡಿಸಿದೆ. 2019ರ ಡಿಸೆಂಬರ್, ಮರುದಿನ ಬೆಳಿಗ್ಗೆ ಗ್ರಹಣ. ಅಪ್ಪ ತಮ್ಮ ಎದೆಯ ಹಳೇ ಎಕ್ಸ್‌ರೇ ಹುಡುಕಿ ಇಟ್ಟುಕೊಂಡಿದ್ದರು, ಅದರ ಮೂಲಕ ಸೂರ್ಯನನ್ನು ನೋಡಲು. ನಾನು ಅದನ್ನು ಕಸಿದುಕೊಂಡೆ. ಎಕ್ಸ್‌ರೇ ಬೇಡ, ಕೂಲಿಂಗ್ ಗ್ಲಾಸ್ ಬೇಡ, ಅರಿಶಿನ ನೀರಿನ ತಟ್ಟೆಯೂ ಬೇಡ, ಕಣ್ಣಿನ ಒಳಪರದೆ ಸುಟ್ಟರೆ ನೋವೇ ಗೊತ್ತಾಗುವುದಿಲ್ಲ ಎಂದು ಅರ್ಧ ಗಂಟೆ ಭಾಷಣ ಬಿಗಿದೆ. ಅಪ್ಪ ಆಕಳಿಸಿದರು. ಮಮ್ಮಿ ತಟ್ಟೆ ಎತ್ತಿಕೊಂಡು ಹೋದಳು.

ಗ್ರಹಣದ ಕನ್ನಡಕ ತರಲು ಹೋದರೆ ಎಲ್ಲಿಯೂ ಸ್ಟಾಕ್ ಇಲ್ಲ! ಪರವಾಗಿಲ್ಲ. ವಿಜ್ಞಾನಕ್ಕೆ ಒಂದು ಸಣ್ಣ ತೂತು ಸಾಕು. ತೂತಿನಿಂದ ಬಂದ ಬಿಸಿಲು ಎದುರಿಗೆ ಏನಿದೆಯೋ ಅದರ ಮೇಲೆ ಸೂರ್ಯನ ಚಿತ್ರ ಬರೆಯುತ್ತದೆ. ಸೂರ್ಯನಿಗೆ ಬೆನ್ನು ಹಾಕಿ ಆ ಚಿತ್ರ ನೋಡಿದರೆ ಮುಗಿಯಿತು, ಕಣ್ಣೂ ಕ್ಷೇಮ, ಗ್ರಹಣವೂ ಸಿಕ್ಕಂತೆ.

ತೊಂದರೆ ಇದ್ದದ್ದು ಸೂರ್ಯನದಲ್ಲ, ಶಿವದೇವಿ ಅತ್ತೆಯದು. ಇವರು ನನ್ನ ರಶ್ಮಿ ಅಕ್ಕನ ಅತ್ತೆ, ಇರುವುದು ಕಲಬುರಗಿಯಲ್ಲಿ. ಅಕ್ಕನಿಗೆ ಆಗ ಎಂಟು ತಿಂಗಳು, ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಳು. ಅತ್ತೆಗೆ ಅದೇ ಇಷ್ಟವಿರಲಿಲ್ಲ. ಗ್ರಹಣದ ನೇಮ ಒಂದಿಷ್ಟು ತಪ್ಪಿದರೂ ಅದೇ ದಿನ ಮಗ ಶರಣಕುಮಾರನನ್ನು ಕಳಿಸಿ ಸೊಸೆಯನ್ನು ಕರೆಸಿಕೊಳ್ಳುತ್ತೇನೆ ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದರು. ಅಕ್ಕನಿಗೋ ಹೆರಿಗೆ ಮಮ್ಮಿಯ ಹತ್ತಿರವೇ ಆಗಬೇಕೆಂಬ ಆಸೆ. ಹಾಗಾಗಿ ಬೆಳಿಗ್ಗೆ ಎಂಟರೊಳಗೆ ಅಕ್ಕ ಕೋಣೆ ಸೇರಿದಳು. ಕಿಟಕಿಗೆ ನಾಲ್ಕು ಪದರ ನ್ಯೂಸ್‌ಪೇಪರ್ ಅಂಟಿಸುವ ಕೆಲಸ ನನಗೆ ಬಂತು.

ಅಂಟಿಸುತ್ತ ಅಂಟಿಸುತ್ತ ನನ್ನ ತಲೆಯಲ್ಲಿ ಬಲ್ಬು ಹೊತ್ತಿಕೊಂಡಿತು. ಬಿಸಿಲು ಬೀಳುವ ಕಿಟಕಿ, ಕಗ್ಗತ್ತಲೆಯ ಕೋಣೆ! ಗ್ರಹಣ ಒಳಗೆ ಬರದಿರಲಿ ಎಂದು ಅತ್ತೆಯವರು ಕಲಬುರಗಿಯಲ್ಲಿ ಕುಳಿತು ನನಗೆ ಥಿಯೇಟರ್ ಕಟ್ಟಿಸಿಕೊಟ್ಟಿದ್ದರು!

"ಅಕ್ಕಾ, ಒಂದೇ ಒಂದು ತೂತು," ಎಂದೆ, ಪಿನ್ನು ತೋರಿಸಿ.

"ಅತ್ತಿಯವರಿಗೆ ಗೊತ್ತಾದ್ರ ನಾಳೆ ನಾ ಕಲಬುರಗಿಯಾಗ ಇರ್ತೀನಿ ನೋಡು."

"ಯಾರ ಹೇಳ್ತಾರ? ಲೈಟ್ ತಗೋ, ತಲಿ ಕೆಡಿಸ್ಕೋಬ್ಯಾಡ."

ಚುಚ್ಚಿದೆ. ಪಿನ್ನು ಆಡಿಸಿ ತೂತನ್ನು ಸ್ವಲ್ಪ ಅಗಲ ಮಾಡಿದೆ. ಓಹ್! ಹಾಸಿಗೆಯ ಮೇಲೆ ರೂಪಾಯಿ ನಾಣ್ಯದಷ್ಟು ಸೂರ್ಯ ಬಂದು ಕೂತ, ಒಂದು ಕಡೆ ಯಾರೋ ಕಚ್ಚಿ ತಿಂದಂತೆ. ನೋಡನೋಡುತ್ತ ಸವೆದು ಸವೆದು, ಎರಡು ಕೊಂಬು ಮೇಲೆ ಮಾಡಿದ ಚಂದದ ಅರ್ಧಚಂದ್ರಾಕಾರವಾದ. ಹೊತ್ತು ಏರಿದಂತೆ ಚಿತ್ರವೂ ಮೆಲ್ಲಗೆ ಜರುಗುತ್ತ ಬಂದು ಅಕ್ಕನ ಹೊಟ್ಟೆ ಹತ್ತಿತು. ಅಕ್ಕ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ನಾನು ಕುಣಿಯುವುದೊಂದು ಬಾಕಿ!

ಆಗ ಫೋನ್ ಬಂತು. ಅತ್ತೆಯವರ ವಿಡಿಯೋ ಕಾಲ್. ನೇಮ ಸರಿಯಾಗಿ ನಡೆದಿದೆಯೋ ಇಲ್ಲವೋ ಎಂಬ ತಪಾಸಣೆ! ಎತ್ತದಿದ್ದರೆ ಇನ್ನೂ ಅನುಮಾನ, ಅಕ್ಕ ಎತ್ತಿದಳು. ಗಾಬರಿಯಲ್ಲಿ ತಲೆಗೆ ಸೆರಗು ಎಳೆದುಕೊಳ್ಳಲು ಹೋಗಿ ಕ್ಯಾಮೆರಾ ಕೆಳಗೆ ತಿರುಗಿಸಿದಳು.

"ರಶ್ಮಿ, ಹೊಟ್ಟಿ ಮ್ಯಾಲೆ ಅದೇನು ಬೆಳಕು?"

ಅಕ್ಕ ಅದನ್ನು ಕೈಯಿಂದ ಮುಚ್ಚಿದಳು, ಅದು ಕೈ ಮೇಲೆ ಬಂದು ಕೂತಿತು.

"ಖಿಡಕಿ ತೆರದೀರಿ ಹೌದಲ್ಲ? ಶರಣೂ, ಕಾರ್ ತೆಗಿಯೋ."

ಅಕ್ಕನ ಕಣ್ಣು ತುಂಬಿತು. ಅದನ್ನು ನೋಡಿದ್ದೇ ತಡ, ನನ್ನ ಬಾಯಿ ನನ್ನ ಕೈ ಮೀರಿತು. ಫೋನಿಗೆ ಮುಖ ತೂರಿಸಿ, "ಖಿಡಕಿ ಮುಚ್ಚೇ ಐತ್ರಿ ಅತ್ತೀ, ಬೇಕಾದ್ರ ನೋಡ್ರಿ. ಇದು ತಾನಾಗೇ ಬಂದೈತ್ರಿ," ಎಂದೆ.

"ಏನು ತಾನಾಗೇ ಬರೂದು?"

"ಚಂದ್ರ ರಿ. ಶಿವನ ತಲಿ ಮ್ಯಾಲಿನ ಚಂದ್ರ."

ಫೋನಿನ ತುಂಬ ಅವರ ಮನೆಯ ಸೀಲಿಂಗ್ ಫ್ಯಾನ್ ಕಾಣಿಸಿತು. ಕೈ ಮುಗಿಯಲು ಅತ್ತೆ ಫೋನ್ ಕೆಳಗಿಟ್ಟಿದ್ದರು. ಆಮೇಲೆ ಅಕ್ಕನ ಮಾವ ಮಲ್ಲಣ್ಣನವರು ಮೈಮೇಲೆ ಟವೆಲ್ ಹೊದ್ದುಕೊಂಡೇ ದರ್ಶನಕ್ಕೆ ಬಂದರು. ಶರಣಕುಮಾರ ಭಾವ ಕಾರಿನ ಕೀಲಿ ಹಿಡಿದುಕೊಂಡೇ ಕೈ ಮುಗಿದರು. ಅವರ ಪಕ್ಕದ ಮನೆಯವರು ಬಂದರು. ಚಂದ್ರ ಹೊಟ್ಟೆಯಿಂದ ಜಾರಿ ದಿಂಬಿಗೆ ಹೋದಾಗ ಯಾಕೆ ಹೋದ ಎಂದು ಕೇಳಿದರು. ಕೂಸಿಗೆ ತಲೆದಿಂಬು ಆಗಲು ಎಂದೆ! ಗ್ರಹಣ ಬಿಡುತ್ತ ಅದು ಮತ್ತೆ ದಪ್ಪವಾಗಿ ದುಂಡಗಾದಾಗ, ನಾನು ಏನೂ ಹೇಳುವ ಮೊದಲೇ ಅತ್ತೆಯವರು ಕೂಸಿಗೆ ಪೂರ್ಣಾಯುಷ್ಯ ಎಂದು ತಾವೇ ಅರ್ಥ ಹೇಳಿದರು. ಸೊಸೆ ಅಲ್ಲಿಂದ ಅಲುಗಾಡಕೂಡದು, ಹೆರಿಗೆ ಆ ಮನೆಯಲ್ಲೇ ಆಗಬೇಕು ಎಂದು ಅಪ್ಪಣೆಯಾಯಿತು.

ಗೆದ್ದೆವು! ಆದರೆ ಫೋನ್ ಇಟ್ಟ ಮೇಲೆ ಅಕ್ಕ, ನಾನು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಾಗಿಲಲ್ಲಿ ಅಪ್ಪ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

"ನನ್ನ ಎಕ್ಸ್‌ರೇ ಕಸ್ಕೊಂಡಾಕಿ ನೀನ ಹೌದಲ್ಲ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋದರು. ಎರಡು ಬೈಗುಳ ಬೈದಿದ್ದರೆ ಎಷ್ಟು ಹಿತವಾಗಿರುತ್ತಿತ್ತು!

ಸಂಜೆಯೊಳಗೆ ಅಕ್ಕನ ಹೊಟ್ಟೆಯ ಸ್ಕ್ರೀನ್‌ಶಾಟ್ ಬೀದರ್, ರಾಯಚೂರು, ಸೊಲ್ಲಾಪುರ ಸುತ್ತಿ ನಮ್ಮ ಫ್ಯಾಮಿಲಿ ಗ್ರೂಪಿಗೇ ವಾಪಸ್ ಬಂತು, ಹನ್ನೊಂದು ಜನಕ್ಕೆ ಕಳಿಸಿದರೆ ಒಳ್ಳೆಯ ಸುದ್ದಿ ಬರುತ್ತದೆ ಎಂಬ ಟಿಪ್ಪಣಿಯ ಜೊತೆ. ಮೂಢನಂಬಿಕೆಯ ವಿರುದ್ಧ ಕಾಲೇಜಿನಲ್ಲಿ ಪೋಸ್ಟರ್ ಬರೆದು ಬಹುಮಾನ ಪಡೆದವಳು ನಾನು. ಈಗ ಹೊಚ್ಚ ಹೊಸದೊಂದನ್ನು ತಯಾರಿಸಿ, ಉಚಿತ ಡೆಲಿವರಿ ಮಾಡಿದ್ದೆ.

ಫೆಬ್ರುವರಿಯಲ್ಲಿ ನಮ್ಮಲ್ಲೇ ತೊಟ್ಟಿಲ ಕಾರ್ಯಕ್ರಮ. ಗಂಡು ಮಗು. ಕಲಬುರಗಿಯಿಂದ ಒಂದು ಟೆಂಪೊ ತುಂಬ ಹೆಂಗಸರು ಬಂದರು. ಅತ್ತೆಯವರು ಇಡಿಸಿದ ಹೆಸರು ಶಶಿಶೇಖರ. ತಲೆಯ ಮೇಲೆ ಚಂದ್ರನಿರುವವನು! ಅಯ್ಯೋ, ಅದು ಚಂದ್ರನೇ ಅಲ್ಲ, ಅಪ್ಪಟ ಸೂರ್ಯ! ಆ ತಿಳಿಯದ ಕೂಸು ಜೀವನವಿಡೀ ನನ್ನ ಸುಳ್ಳನ್ನು ಹೆಸರಾಗಿ ಹೊತ್ತು ತಿರುಗಬೇಕು. ಬಂದ ಹೆಂಗಸರು ನನ್ನ ಕೈ ಮುಟ್ಟಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ನೆಲ ಬಿರಿದರೆ ಇಳಿದುಬಿಡೋಣ ಎನಿಸಿತು. ಅಷ್ಟರಲ್ಲಿ ಅತ್ತೆಯವರ ತಂಗಿಯ ಸೊಸೆ ಚಿನ್ಮಯಿ ಹತ್ತಿರ ಬಂದಳು. ಅವಳಿಗೆ ನಾಲ್ಕು ತಿಂಗಳು. ಜೂನ್‌ನಲ್ಲಿ ಮತ್ತೊಂದು ಗ್ರಹಣವಿದೆಯಂತೆ, ತನ್ನ ಹೊಟ್ಟೆಯ ಮೇಲೂ ಶಿವನ ಚಂದ್ರ ಬರುವಂತೆ ಮಾಡಬೇಕಂತೆ.

ಸಾಕು, ಇನ್ನು ಸುಳ್ಳು ಸಾಧ್ಯವಿಲ್ಲ. ಈಗ ಕೂಸು ಹುಟ್ಟಿಯಾಗಿದೆ, ಅಕ್ಕನನ್ನು ಯಾರೂ ಎಳೆದುಕೊಂಡು ಹೋಗಲಾರರು. ಎಲ್ಲರ ಮುಂದೆ ಎದ್ದು ನಿಂತೆ.

"ಅತ್ತೀ, ತಪ್ಪು ನಂದು. ಅದು ಪವಾಡ ಅಲ್ರಿ. ಪೇಪರ್‌ಗೆ ನಾನ ಪಿನ್ನಿಂದ ತೂತು ಮಾಡಿದ್ದೆ. ಅದು ಬರೀ... ಲೈಟ್ ಟ್ರಾವೆಲ್ಸ್ ಇನ್ ಸ್ಟ್ರೇಟ್ ಲೈನ್ಸ್. ಅಷ್ಟ ರಿ."

ಅತ್ತೆಯವರು ಕಣ್ಣುಮುಚ್ಚಿ ಆ ಲೈಟಿನ ಮಾತನ್ನು ಒಮ್ಮೆ ಬಾಯಲ್ಲೇ ಹೇಳಿಕೊಂಡರು.

"ಅಂದ್ರ ಪೇಪರ್‌ಗೆ ತೂತು ಮಾಡಿ, ಇದನ್ನ ಅನಬೇಕು," ಎಂದರು ಎಲ್ಲರ ಕಡೆ ತಿರುಗಿ.

ಚಿನ್ಮಯಿ ಅನುಮಾನದಿಂದ, "ದೊಡ್ಡತ್ತಿ, ಇದು ಇಂಗ್ಲಿಷ್ ಅಲ್ಲೇನ್ರಿ?" ಎಂದಳು.

"ಆದ್ರೇನಾತು? ಹುಡುಗಿ ಇಂಗ್ಲಿಷ್ ಮೀಡಿಯಂ. ಶಿವ ಆಕಿಗೆ ಆಕಿ ಮೀಡಿಯಂದಾಗ ಹೇಳ್ಯಾನ. ಕೈ ಮುಗಿ ನೀನು. ಅನ್ನವ್ವಾ ವರ್ಷಾ, ಇನ್ನೊಮ್ಮೆ ಸಾವಕಾಶ ಅನ್ನು."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿಬಿಟ್ಟಳು. ನಾನು ಹೋಗುವ ಹಾಗಿರಲಿಲ್ಲ. ಮಂತ್ರ ಹೇಳಿಕೊಡಬೇಕಾದವಳು ನಾನೇ.