ಬಸಳೆ ಚಪ್ಪರದ ಮೇಲೊಂದು ಮೂಕರ್ಜಿ

ನನ್ನ ಅಕ್ಕನಿಗೆ ತಲೆ ಸರಿಯಿಲ್ಲ ಎಂದು ನಾನು ಐವತ್ತು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. ಅವಳು ನನ್ನ ಬಗ್ಗೆ ಅದೇ ಮಾತನ್ನು ಎಪ್ಪತ್ತು ವರ್ಷಗಳಿಂದ ಹೇಳುತ್ತಿದ್ದಾಳೆ. ಊರಿನವರು ನಂಬುವುದು ಅವಳನ್ನೇ! ಇರಲಿ, ವಾದ ಮಾಡುವ ತ್ರಾಣ ನನಗೆ ಈಗ ಇಲ್ಲ. ಎರಡು ಮೆಟ್ಟಿಲು ಹತ್ತಿದರೆ ಉಬ್ಬಸ, ಕುಳಿತರೆ ಸೊಂಟ. ನಾನು ಮಾಡಿದ ಒಂದು ಕೆಟ್ಟ ಕೆಲಸವನ್ನು ಹೇಳಿ ಹಗುರಾಗೋಣ ಎಂದು ಕುಳಿತಿದ್ದೇನೆ. ಅಕ್ಕನನ್ನು ಬಿಟ್ಟು ಅದನ್ನು ಹೇಳಲಿಕ್ಕೆ ಬರುವುದಿಲ್ಲ.

ಅಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಸಾಲಿಗ್ರಾಮದ ಹತ್ತಿರದ ನಮ್ಮ ಮನೆಗೆ ಬಂದವಳು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ನಿವೃತ್ತಿಯಾದ ಮೇಲೆ ರೋಗಿಗಳು ತಪ್ಪಿದರು, ಮದ್ದು ಕೊಡುವ ಚಟ ತಪ್ಪಲಿಲ್ಲ. ನಮ್ಮ ಮನೆಯ ಪಾಗಾರದ ಗೋಡೆಯ ಆಚೆಗಿದ್ದ ಶಾಲೆ ಮಕ್ಕಳಿಲ್ಲದೆ ಮುಚ್ಚಿತು. ಇವಳು ಪಂಚಾಯತಿಯವರನ್ನು ಬೆನ್ನುಹತ್ತಿ ಬಾಯಿಮಾತಿನ ಒಪ್ಪಿಗೆ ಪಡೆದು, ಹತ್ತು ಹನ್ನೆರಡು ಹೆಂಗಸರನ್ನು ಸೇರಿಸಿಕೊಂಡು ಆ ಅಂಗಳದಲ್ಲಿ ತರಕಾರಿ ತೋಟ ಎಬ್ಬಿಸಿದಳು. ಸಂಬಳವಿಲ್ಲ, ಪಾಲಿಲ್ಲ. ಬೆಳೆದದ್ದು ಅಂಗನವಾಡಿಗೆ, ಬಾಣಂತಿಯರಿಗೆ, ಹಾಸಿಗೆ ಹಿಡಿದವರ ಮನೆಗೆ. ಗಂಡಸರಿಗೆ ಪ್ರವೇಶವಿಲ್ಲ. "ಗಂಡಸ್ರ್ ಬಂದ್ರೆ ಕೆಲ್ಸ ಮಾಡುದಿಲ್ಲೆ, ಸಲಹೆ ಕೊಡ್ತ್ರ್" ಎಂಬುದು ಅವಳ ಕಾನೂನು.

ಬಂದ ಹೆಂಗಸರಿಗೆ ಅಕ್ಕ ಚೀಟಿ ಬರೆದುಕೊಡುತ್ತಿದ್ದಳು. ನಂಬುತ್ತೀರಾ? ಸೊಸೆಯ ಮೇಲೆ ಸಿಟ್ಟೇ? ಮಣ್ಣಿನ ಹೆಂಟೆ ಒಡೆಯುವುದು, ದಿನಕ್ಕೊಂದು ಹೊತ್ತು, ಊಟವಾದ ಮೇಲೆ. ನಿದ್ರೆ ಬರುವುದಿಲ್ಲವೇ? ಬಾವಿಯಿಂದ ಇಪ್ಪತ್ತು ಕೊಡ ನೀರು, ಒಂದು ವಾರ. ಒಬ್ಬಾಕೆ ಬಂದು, "ಅಮ್ಮಾ, ನಂಗೆಂತ ಬೇಜಾರೂ ಇಲ್ಲೆ, ಸುಮ್ನೆ ಬಂದದ್" ಎಂದಳು. ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿ, "ಹಾಂಗಾರೆ ನಿಂದ್ ದೊಡ್ಡ ಕಾಯ್ಲೆ, ಗೊಬ್ರ ಹೊರ್" ಎಂದುಬಿಟ್ಟಳು!

ಮೀನು ಮಾರುವ ಹೆಂಗಸೊಬ್ಬಳು ವ್ಯಾಪಾರ ಮುಗಿಸಿ ನೇರ ತೋಟಕ್ಕೆ ಬರುತ್ತಿದ್ದಳು. ಅವಳು ಬಂದ ದಿನ ನಮ್ಮ ಜಗಲಿಯಲ್ಲಿ ಕೂರುವ ಹಾಗಿರಲಿಲ್ಲ, ಅಂಥ ವಾಸನೆ. ನಾವು ಮೀನು ತಿನ್ನದವರು. ಪಾಗಾರದ ಮೇಲಿಂದ ನಾನು ಮೂಗು ಮುಚ್ಚಿಕೊಂಡು ಆಕ್ಷೇಪ ಎತ್ತಿದೆ. ಅವಳು ಬುಟ್ಟಿ ಇಳಿಸಿ ನಕ್ಕಳು.

"ಹ್ವಾಯ್ ಅಯ್ಯ, ನಿಮ್ಮನಿ ಬಸಳೆ ಹುಳಿ ಭಾರೀ ರುಚಿ ಅಂಬ್ರಲೆ? ಮೀನ್ ತೊಳ್ದ್ ನೀರನ್ನ ಆ ಬುಡಕ್ ಹಾಕುದ್ ನಾನೇ ಮರ್ರೆ!"

ಹಂಚಿ ಮಿಕ್ಕದ್ದೆಂದು ಅಕ್ಕ ತೋಟದಿಂದ ತರುತ್ತಿದ್ದ ಆ ಬಸಳೆಯನ್ನು ಎರಡು ವರ್ಷದಿಂದ ಎರಡೆರಡು ಸಲ ಬಡಿಸಿಕೊಂಡು ಉಂಡವನು ನಾನು. ಅವತ್ತು ಬಸಳೆ ಮುಟ್ಟಲಿಲ್ಲ. ಮರುದಿನ ಮತ್ತೆ ಬಡಿಸಿಕೊಂಡೆ.

ನಗುವ ಭಾಗ ಇಷ್ಟೇ. ಮೂರು ವರ್ಷದ ಹಿಂದೆ ನಮ್ಮ ಒಬ್ಬಳೇ ಮಗಳು ಕಾಯಿಲೆಯಿಂದ ತೀರಿಕೊಂಡಳು. ನನ್ನ ಹೆಂಡತಿ ಹಗಲೆಲ್ಲ ಅಳುತ್ತಿದ್ದಳು. "ಅತ್ತರೆ ಬರ್ತಾಳಾ? ಈ ಮನೆಯಲ್ಲಿ ಇನ್ನು ಅವಳ ಮಾತು ಬೇಡ" ಎಂದೆ ನಾನು. ಧೈರ್ಯ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ಅಳು ನಿಲ್ಲಿಸಿದಳು, ಮಾತನ್ನೂ ನಿಲ್ಲಿಸಿದಳು. ಊಟಕ್ಕೆ ಕರೆಯುವುದಕ್ಕೂ ತಟ್ಟೆಯ ಸದ್ದು ಮಾತ್ರ. ಅಕ್ಕ ಒಂದು ಸಂಜೆ ಅವಳ ಕೈಹಿಡಿದು ಎಬ್ಬಿಸಿ ತೋಟಕ್ಕೆ ಕರೆದೊಯ್ದಳು. ಚೀಟಿಯಲ್ಲಿ ಬರೆದದ್ದು: ಬಸಳೆ ಬಳ್ಳಿಯನ್ನು ಬಾಳೆನಾರಿನಿಂದ ಚಪ್ಪರಕ್ಕೆ ಕಟ್ಟುವುದು, ಗುಣವಾಗುವವರೆಗೆ.

ತಿಂಗಳು ಕಳೆದಿರಬೇಕು. ಜಗಲಿಯಲ್ಲಿ ಒಬ್ಬನೇ ಕುಳಿತಿದ್ದೆ. ಪಾಗಾರದ ಆಚೆಯಿಂದ ನನ್ನ ಹೆಂಡತಿಯ ನಗು ಕೇಳಿಸಿತು, ಜೊತೆಗೆ ಮೀನಿನವಳದ್ದೂ. ಹೊಟ್ಟೆ ಹಿಡಿದುಕೊಂಡು ನಗುವ ನಗು! ಸಂತೋಷವಾಗಬೇಕಿತ್ತು ತಾನೆ? ನನಗೆ ಮೈಯೆಲ್ಲ ಉರಿಯಿತು. ನನ್ನೆದುರು ತುಟಿ ಬಿಚ್ಚದವಳು ಮೀನಿನವಳ ಹತ್ತಿರ ನಗುವುದೆಂದರೇನು?

ಪಂಚಾಯತಿಗೆ ಒಂದು ಮೂಕರ್ಜಿ ಗೀಚಿದೆ. ಹೆಸರಿಲ್ಲದ ದೂರು, ಸರ್ಕಾರಿ ಜಾಗದಲ್ಲಿ ಹೆಂಗಸರು ಕಾಗದಪತ್ರವಿಲ್ಲದೆ ತೋಟ ಮಾಡಿದ್ದಾರೆ ಎಂದು. ಅಕ್ಷರ ಗೊತ್ತಾಗದಿರಲಿ ಎಂದು ಎಡಗೈಯಲ್ಲಿ ಬರೆದೆ. ಅಂಚೆ ಮುದ್ರೆ ನಮ್ಮೂರಿನದಾಗದಿರಲಿ ಎಂದು ಎರಡು ಬಸ್ಸು ಬದಲಿಸಿ ಶಿರೂರಿಗೆ ಹೋಗಿ ಡಬ್ಬಿಗೆ ಹಾಕಿದೆ. ಸೊಂಟ ಒಂದು ವಾರ ನೋವು ತಿಂದಿತು. ಕೆಟ್ಟತನಕ್ಕೂ ಎಷ್ಟು ದುಡಿಮೆ ನೋಡಿ!

ಹದಿನೈದು ದಿನದಲ್ಲಿ ಪಂಚಾಯತಿಯಿಂದ ನೋಟಿಸು ಬಂತು: ಸರ್ಕಾರಿ ಜಾಗದ ತೋಟವನ್ನು ಏಕೆ ತೆರವು ಮಾಡಬಾರದು? ಅಕ್ಕ ನೋಟಿಸನ್ನೂ ಮೂಕರ್ಜಿಯ ನಕಲನ್ನೂ ಹಿಡಿದುಕೊಂಡು ನನ್ನ ಹತ್ತಿರವೇ ಬಂದಳು.

"ಮಾಣಿ, ಇದ್ಕೊಂದ್ ಉತ್ತರ ಬರಿ. ನಿನ್ನ ಅಕ್ಷರ ಚಂದ."

ಎಪ್ಪತ್ತೊಂದು ವರ್ಷದವನು ಅವಳಿಗೆ ಇನ್ನೂ ಹುಡುಗ, ಮಾಣಿ! ಬೆವರೊರೆಸಿಕೊಂಡು, "ಯಾರು ಬರೆದದ್ದಂತೆ?" ಎಂದೆ.

"ಅದ್ ಬಿಡ್. ಮೊದ್ಲ್ ಓದ್."

ಓದತೊಡಗಿದೆ. "ಸದರಿ ಹೆಂಗಸರು ಸೋಮವಾರ ಸಂಜೆ ನಾಲ್ಕು ಹತ್ತಕ್ಕೆ ಒಳಗೆ, ಆರು ಇಪ್ಪತ್ತೈದಕ್ಕೆ ಹೊರಗೆ. ಮಂಗಳವಾರ ನಾಲ್ಕು ಹನ್ನೆರಡಕ್ಕೆ ಒಳಗೆ, ಎರಡು ನಿಮಿಷ ತಡ..."

ಕಾಗದವನ್ನು ಮಗುಚಿಟ್ಟೆ. ಹಾಲಾಡಿಯ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಟೈಂಕೀಪರ್ ಆಗಿ ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆದ ಮನುಷ್ಯನಲ್ಲದೆ ಈ ಮೂರು ತಾಲೂಕಿನಲ್ಲಿ ಇನ್ಯಾವನು ಹೀಗೆ ದೂರು ಬರೆದಾನು? ಎಡಗೈ ಬಳಸಿದೆ, ಶಿರೂರಿಗೆ ಹೋದೆ. ಟೈಂಕೀಪರ್ ಬುದ್ಧಿಯನ್ನು ಮಾತ್ರ ಮನೆಯಲ್ಲಿ ಬಿಟ್ಟಿರಲಿಲ್ಲ, ಅದೂ ಜೊತೆಗೇ ಬಂದಿತ್ತು!

ಅಕ್ಕ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಇಷ್ಟ್ ಸರಿ ಟೈಮ್ ಬರಿಕಾರೆ ಆ ಮನ್ಷ ದಿನಾ ಒಬ್ನೇ ಕೂಕಂಡ್ ಎಷ್ಟ್ ಕಾದಿರ್ಕ್, ಪಾಪ" ಎಂದಷ್ಟೇ ಹೇಳಿ ಎದ್ದುಹೋದಳು.

ಮರುದಿನ ಪಂಚಾಯತಿಗೆ ಹೋಗಿ, ಅದನ್ನು ಬರೆದವನು ನಾನೇ, ವಾಪಸ್ ಕೊಡಿ ಎಂದೆ. ಅಲ್ಲಿಯ ಗುಮಾಸ್ತರು ಕನ್ನಡಕ ಏರಿಸಿದರು. "ಹೆಸರಿಲ್ಲದವ್ರ್ ಕೊಟ್ಟದ್ದನ್ನ ಹೆಸರಿಪ್ಪೋರ್ ವಾಪಸ್ ತಕಂಬುಕೆ ಆತ್ತಿಲ್ಲೆ ಮರ್ರೆ. ಮೊದ್ಲ್ ಅದಕ್ಕೊಂದ್ ಸೈನ್ ಹಾಕಿ." ಹಾಗಾಗಿ ನನ್ನ ದೂರಿಗೆ ನಾನೇ ನಾಲ್ಕು ಜನರ ಎದುರು ಸಹಿ ಹಾಕಿ, ಆಮೇಲೆ ಹಿಂದಕ್ಕೆ ಪಡೆದೆ. ತೋಟ ಉಳಿಯಿತು. ಮರ್ಯಾದೆ ಸಾಲಿಗ್ರಾಮದ ಪೇಟೆಯವರೆಗೆ ಹೋಯಿತು.

ಅಕ್ಕ ಮನೆಯ ದಣಪೆ ಬಾಗಿಲಲ್ಲೇ ಕಾಯುತ್ತಿದ್ದಳು. "ಪಂಚಾಯ್ತಿಗ್ ಹೇಳ್ದೆ, ಸರಿ. ಹೇಳುಕಿಪ್ಪೋಳ್ ಒಳಗಿತ್ತ್, ಹೋಗ್."

ಹೆಂಡತಿ ಹಿತ್ತಿಲ ಮೆಟ್ಟಿಲ ಮೇಲೆ ಬಾಳೆನಾರು ಸೀಳುತ್ತಿದ್ದಳು. ಎಲ್ಲ ಹೇಳಿದೆ. ನೀನು ನಕ್ಕದ್ದನ್ನು ಸಹಿಸಲಾರದೆ ಬರೆದೆ ಎಂದೂ ಹೇಳಿದೆ. ಅವಳು ಕೈಯಲ್ಲಿದ್ದ ನಾರನ್ನು ಪೂರ್ತಿ ಸೀಳಿ ಬದಿಗಿಟ್ಟಳು.

"ಅವತ್ತ್ ನಾನ್ ಎಂತಕ್ ನಗಾಡಿದ್ದ್ ಗೊತ್ತಿತ್ತಾ?" ಎಂದಳು. "ಮಣ್ಣ್ ಅಗಿವತಿಗೆ ಒಂದ್ ಗಾಜಿನ್ ಬಳಿ ಚೂರ್ ಸಿಕ್ತ್, ಕಂಡ್ ನೆನ್ಪಾಯ್ತ್. ನಮ್ಮ ಹೆಣ್ಣ್ ಸಣ್ಣದಿಪ್ಪತಿಗೆ ನನ್ನ ಒಡ್ದ್ ಬಳಿ ಎಲ್ಲ ಮನಿ ಅಂಗಳದಂಗೆ ನೆಟ್ಟಿತ್. ಬಳಿ ಮರ ಆತ್ತ್ ಅಂದ್ಕಂಡ್ ದಿನಾ ನೀರ್ ಹಾಕುದೇ ಹಾಕುದ್."

ನನಗೆ ಗೊತ್ತಿರಲಿಲ್ಲ. ಮೊದಲ ಬಸ್ಸಿಗೆ ಹೋಗಿ ಕೊನೆಯ ಬಸ್ಸಿಗೆ ಬರುತ್ತಿದ್ದವನು ನಾನು.

"ಒಂದಿನ ಬೆಳಿಗ್ಗೆ ಎದ್ದ್ ಕಂಡ್ರೆ ದಾಸಾಳ ಗಿಡದ್ ಕೊಂಬಿ ತುಂಬ ಹಸ್ರ್ ಬಳಿ! ನಿಮ್ಮಕ್ಕ ಪ್ಯಾಟಿಂದ ತಂದ್ ಸಿಕ್ಸಿದ್. ಹೆಣ್ಣ್ ಕೊಯ್ಕಂಡ್ ಕೈ ತುಂಬ ಹಾಕಂಡ್ ಕೇರಿ ಇಡೀ ಓಡಿತ್. ನಮ್ಮನಿ ಮರ ಬಳಿ ಬಿಟ್ಟಿತ್, ಬನ್ನಿ, ಅಂದೇಳಿ."

ಹೇಳುತ್ತಾ ನಗಲು ಹೋದಳು, ಆಗಲಿಲ್ಲ. ನಾನು ಮೆಟ್ಟಿಲಿನ ಮೇಲೆ ಅವಳ ಪಕ್ಕದಲ್ಲಿ ಕುಳಿತೆ.

"ಇನ್ನೊಂದ್ ಹೇಳ್" ಎಂದೆ.