ಹೆಬ್ಬೆಟ್ಟಿಗೆ ಅರಿಶಿನ

“ಬೆಳಗ್ಗಿಂದ ಇನ್ನೂರು ಹೆಬ್ಬೆಟ್ಟು ಬಿದ್ದವೆ ಕಣ್ಲಾ ಆ ಗಾಜಿನ್ ಮ್ಯಾಲೆ. ಅದ್ರಲ್ಲಿ ಅರ್ಧ ಮದ್ರಾಸ್ ಐ ಬಂದೋರ್ದು” ಎಂದ, ಸಾಲಿನಲ್ಲಿ ಮುಂದೆ ನಿಂತಿದ್ದ ಪುಟ್ಟಮಾದಯ್ಯ.

ಪುಟ್ಟರಾಜು ತನ್ನ ಹೆಬ್ಬೆಟ್ಟನ್ನು ಮುಷ್ಟಿಯೊಳಕ್ಕೆ ಎಳೆದುಕೊಂಡ, ಆಮೆ ತಲೆ ಎಳೆದುಕೊಂಡ ಹಾಗೆ.

ಹರದನಹಳ್ಳಿಯ ನ್ಯಾಯಬೆಲೆ ಅಂಗಡಿ ಮುಂದೆ ಅವತ್ತು ಬಸ್ಸಿಗೆ ಕಾದಷ್ಟು ಜನ. ಕಾರ್ಡಿನಲ್ಲಿ ಹೆಸರಿದ್ದವರೆಲ್ಲ ಖುದ್ದಾಗಿ ಬಂದು ಮಿಷನ್ನಿಗೆ ಹೆಬ್ಬೆಟ್ಟು ಕೊಡಲು ಅದೇ ಕಡೇ ದಿನ. ಕೊಡದವರ ಹೆಸರು ಕಾರ್ಡಿನಿಂದ ಬಿದ್ದುಹೋಗುತ್ತದೆ. ಕಣ್ಣುಬೇನೆಯೂ ಊರಿಗೆ ಅದೇ ವಾರ ಬರಬೇಕೆ?

ಪುಟ್ಟರಾಜುವಿಗೆ ಅಕ್ಕಿಗಿಂತ ಕಣ್ಣು ದೊಡ್ಡದಾಗಿತ್ತು. ಮಾರನೆಯ ದಿನ ಗುಂಡ್ಲುಪೇಟೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ. ಅವನಿಗೆ ಮೂವತ್ತಾರು ವರ್ಷ. ಬೇಸಾಯ ಎಂದು ಬಾಯಿ ಬಿಡುತ್ತಲೇ ಹೆಣ್ಣಿನ ಮನೆಯವರು ಕೊಟ್ಟ ಕಾಫಿಯನ್ನೂ ವಾಪಸ್ ಕೇಳುವಂಥ ಕಾಲ. ಎಂಟು ಕಡೆ ಬೇಡವೆನಿಸಿಕೊಂಡ ಮೇಲೆ ಸಿಕ್ಕಿದ್ದು ಈ ಮೇಘನಾ, ಆಸ್ಪತ್ರೆಯಲ್ಲಿ ನರ್ಸು. ರೈತನಾದರೂ ಚಿಂತೆಯಿಲ್ಲ, ಹುಡುಗ ಚೊಕ್ಕಟವಾಗಿರಬೇಕು ಎಂದಿದ್ದಳಂತೆ. ಅದಕ್ಕೇ ಅವನು ನುಣ್ಣಗೆ ಶೇವ್ ಮಾಡಿಸಿ, ಹೊಸ ಬಿಳಿ ಪಂಚೆ ಅಭ್ಯಾಸವಾಗಲೆಂದು ಅವತ್ತೇ ಉಟ್ಟು ಬಂದಿದ್ದ. ಕೆಂಗಣ್ಣು ಬಿಟ್ಟುಕೊಂಡು ನರ್ಸಿನ ಎದುರು ಕೂತರೆ ಅವಳು ಕಾಫಿ ಕೊಡುವುದಿಲ್ಲ, ಕಣ್ಣಿಗೆ ಡ್ರಾಪ್ಸ್ ಹಾಕಿ ಕಳಿಸುತ್ತಾಳೆ.

ಮೇಜಿನ ಮೇಲಿದ್ದ ಸ್ಯಾನಿಟೈಸರ್ ಬಾಟಲಿ ಒತ್ತಿದ. ಅದು ಅಸ್ತಮಾದ ಮುದುಕನ ಹಾಗೆ ಒಮ್ಮೆ ಉಬ್ಬಸಪಟ್ಟು ಸುಮ್ಮನಾಯಿತು. ಅದು ಖಾಲಿಯಾಗಿ ಎರಡು ವರ್ಷವಾಯಿತೆಂದೂ, ನೋಡಿದವರಿಗೆ ಧೈರ್ಯ ಬರಲಿ ಎಂದು ಇಟ್ಟಿರುವುದೆಂದೂ, ಹಿಂದೆ ನಲ್ಲಿ ಇದೆ, ಸೋಪಿದೆ, ತೊಳೆದುಕೊಂಡು ಹೋಗಬಹುದೆಂದೂ ಅಂಗಡಿಯ ಬಸವಪ್ರಸಾದ್ ಹೇಳಿದ.

ಸೋಪು ಎಂದರೆ ಯಾರಿಗೂ ಮರ್ಯಾದೆ ಇಲ್ಲ. ಮನೆಯಲ್ಲಿ ದಿನಾ ಕಾಣುವ ವಸ್ತು ಔಷಧಿಯಾಗುವುದು ಹೇಗೆ? ಪುಟ್ಟಮಾದಯ್ಯ ಟೀ ಅಂಗಡಿಯ ಒಲೆಯಿಂದ ಒಂದು ಹಿಡಿ ಬೂದಿ ತಂದು, ನಮ್ಮಜ್ಜಿ ಕಾಲದಲ್ಲಿ ಪಾತ್ರೆಗೂ ಕೈಗೂ ಇದೇ ಎಂದು ಉಜ್ಜಿಸಿದ. ಪುಟ್ಟರಾಜು ಹೆಬ್ಬೆಟ್ಟಿಟ್ಟ. ಮಿಷನ್ನು ಕೆಂಪು ದೀಪ ತೋರಿಸಿತು.

“ಮಿಷನ್ಗೇ ಇಬೂತಿ ಇಟ್ಬುಟ್ಯಲ್ಲೋ ಮಾರಾಯ” ಎಂದು ಬಸವಪ್ರಸಾದ್ ಗಾಜು ಒರೆಸಿ, ಸಾಲಿನ ಕೊನೆಗೆ ಅಟ್ಟಿದ.

ಅಲ್ಲಿ ಗುರುಮಲ್ಲಮ್ಮ ಕಾದಿದ್ದಳು. ತಾಮ್ರದ ಚೊಂಬಿನ ಕಿಲುಬನ್ನೇ ಬಿಡಿಸುವ ನಿಂಬೆಹಣ್ಣಿಗೆ ಕ್ರಿಮಿ ಯಾವ ಮಹಾ ಎಂದು ಅರ್ಧ ಹೋಳು ಹಿಂಡಿದಳು. ಕಳೆ ಕಿತ್ತು ಬಿರುಕು ಬಿಟ್ಟಿದ್ದ ಅಂಗೈ, ಮೆಣಸಿನಕಾಯಿ ತುಂಬಿದಂತೆ ಉರಿಯಿತು. ಅವನು ಕುಣಿಯುವುದನ್ನು ಕಂಡು ಎದುರು ಮನೆಯ ಮೂಗಮ್ಮ ಒಳಗೆ ಹೋಗಿ, ತಮ್ಮ ಹೊಲದಲ್ಲೇ ಬೆಳೆದ ಅರಿಶಿನವನ್ನು ಬಟ್ಟಲಲ್ಲಿ ಕಲಸಿ ತಂದಳು.

“ಉರೀಗೂ ಇದೇ, ಕ್ರಿಮೀಗೂ ಇದೇ ಕಣಪ್ಪ. ನೀಡು ಕೈಯ.”

ಅವಳು ಬಲಗೈಗೆ ಹಚ್ಚಿದಳು, ಗುರುಮಲ್ಲಮ್ಮ ಎಡಗೈಗೆ. ಹೆಬ್ಬೆಟ್ಟಿಗೆ ಎಂದು ಶುರುವಾದದ್ದು ಮೊಣಕೈವರೆಗೆ ಏರಿತು. ಕಣ್ಣುಬೇನೆ ಗಾಳಿಯಲ್ಲೂ ಬರುತ್ತದೆ ಎಂದು ಯಾರೋ ಅಂದರು, ಕೆನ್ನೆಗೂ ಬಿತ್ತು. ಸಾಲಿನ ಹೆಂಗಸರು ನಕ್ಕರು. ಒಬ್ಬಳು ಸೆರಗು ಬಾಯಿಗಿಟ್ಟುಕೊಂಡು ಸೋಬಾನೆ ರಾಗ ಎಳೆದೇಬಿಟ್ಟಳು. ಪುಟ್ಟರಾಜು ಕಣ್ಣು ಮುಚ್ಚಿಕೊಂಡು ಸಹಿಸಿದ. ಬೈಯಲೂ ಮನಸ್ಸಾಗಲಿಲ್ಲ. ಅವನ ಕೈಯನ್ನು ಇಷ್ಟು ಅಕ್ಕರೆಯಿಂದ ಯಾರೂ ಹಿಡಿದು ಬಹಳ ವರ್ಷವಾಗಿತ್ತು.

ಅಷ್ಟರಲ್ಲಿ ಬೈಕಿನಲ್ಲಿ ಬಂದ ಅಪರಿಚಿತರೊಬ್ಬರು, ಹೆಗಲ ಮೇಲೆ ಟವೆಲ್ಲು, ಹಣೆಯಲ್ಲಿ ವಿಭೂತಿ, ಗಾಡಿ ನಿಲ್ಲಿಸಿ ಮೂಗಮ್ಮನನ್ನು ಏನೋ ಕೇಳಿದರು. ಅವಳು ಅರಿಶಿನದ ಕೈಯಲ್ಲೇ ಪುಟ್ಟರಾಜುವನ್ನು ತೋರಿಸಿ, “ಇವ್ನೇ ಕಣಪ್ಪ. ಮದ್ವೆ ಗಂಡು ಹೆಂಗವ್ನೆ ನೋಡು” ಎಂದಳು. ಅವರು ಅವನ ಕೈಗಳನ್ನೂ ಕೆನ್ನೆಯನ್ನೂ ಬಿಳಿ ಪಂಚೆಯನ್ನೂ ದಿಟ್ಟಿಸಿ ನೋಡಿ, ಬೈಕು ತಿರುಗಿಸಿಕೊಂಡು ಹೋದರು. ಅರಿಶಿನವನ್ನು ಹಾಗೆ ನೋಡಬೇಕಾದರೆ ಮಂಡಿ ವ್ಯಾಪಾರಿಯೇ ಇರಬೇಕು ಎಂದುಕೊಂಡ ಪುಟ್ಟರಾಜು.

ಅವನ ಸರದಿ ಮತ್ತೆ ಬಂತು. ಮಿಷನ್ನು ಮತ್ತೆ ಕೆಂಪಾಯಿತು. ಬಸವಪ್ರಸಾದ್ ಈ ಸಲ ತೋಳು ಹಿಡಿದು ನಲ್ಲಿಯ ಹತ್ತಿರ ಕರೆದೊಯ್ದು ಸೋಪು ಕೊಟ್ಟ. ಸೋಪು ತಗುಲಿದ್ದೇ ತಡ ಅರಿಶಿನ ಓಕುಳಿಯ ಹಾಗೆ ಕೆಂಪಾಗಿ ಹರಿಯಿತು. ಮೂರು ಸಲ ತೊಳೆದ ಮೇಲೆ ಹೆಬ್ಬೆಟ್ಟಿನ ಗೆರೆ ಕಂಡವು. ಮೊದಲೇ ಈ ನಲ್ಲಿಗೆ ಬಂದಿದ್ದರೆ ಇಷ್ಟೊತ್ತಿಗೆ ಮನೆಯಲ್ಲಿರುತ್ತಿದ್ದೆ ಎಂದುಕೊಳ್ಳುವಾಗ ಫೋನು ಬಡಿದುಕೊಂಡಿತು. ಬೆಳಗ್ಗೆಯೇ ಹೆಬ್ಬೆಟ್ಟು ಕೊಟ್ಟು ಹೋಗಿದ್ದ ತಾಯಿ ದೊಡ್ಡಮಲ್ಲಮ್ಮ, ಮನೆಯಲ್ಲಿ ಅವನಿಗಿದ್ದ ಒಬ್ಬಳೇ ಜೊತೆ.

“ನಿಂಗೆ ಇವತ್ತು ಅರಿಶಿನ ಹಚ್ತಾವ್ರಂತಲ್ಲೋ ಮಗ” ಎಂದಳು. “ಹೆಣ್ಣಿನ ಸೋದರಮಾವ ಮರಿಮಲ್ಲಪ್ಪ, ನಿನ್ ಗುಣ ನಡ್ತೆ ಇಚಾರ್ಸಕ್ಕೆ ಊರಿಗೆ ಬಂದಿದ್ರಂತೆ. ಕಣ್ಣಾರೆ ನೋಡ್ಕಂಡೋದ್ರಂತೆ.”

ಕೈ ತೊಳೆಯುವುದಕ್ಕೆ ಹಚ್ಚಿದ್ದವ್ವ ಎಂದು ಪುಟ್ಟರಾಜು ಬೂದಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ಅದು ಸುಳ್ಳಿನ ಹಾಗೆ ಕೇಳಿಸತೊಡಗಿತು.

“ನಾಳಿಕ್ಕೆ ಬ್ಯಾರೆ ಗಂಡಿನ್ ಮನೆಯೋರ್ಗೆ ಬರಕ್ಕೇಳ್ಬುಟ್ಟವ್ರೆ. ಅದೋಗ್ಲಿ ಬುಡು. ಹೆಣ್ಣು ಯಾರು ಅಂತ ಹೆತ್ತೋಳ್ಗಾದ್ರೂ ಒಂದ್ ಮಾತ್ ಹೇಳ್ಬಾರ್ದಾ?”

ಅವನು ಫೋನು ಜೇಬಿಗಿಟ್ಟು, ಬಂದು, ಇನ್ನೂರು ಜನ ಒತ್ತಿದ ಗಾಜಿನ ಮೇಲೆ ಹೆಬ್ಬೆಟ್ಟು ಒತ್ತಿದ. ಹಸಿರು ದೀಪ ಹತ್ತಿತು. ಮಿಷನ್ನು ಕಿರ್ ಎಂದು ಅಂಗುಲಗಲದ ಚೀಟಿಯೊಂದನ್ನು ಹೊರಗೆ ಬಿಟ್ಟಿತು. ಅದರಲ್ಲಿ ಅಚ್ಚಾಗಿತ್ತು: ಕುಟುಂಬದ ಸದಸ್ಯರು, ಎರಡು.