ಕಬ್ಬಿಣವನ್ನು ನಂಬದ ಮಾಮಾ

ನಮ್ಮ ಮಾಮಾ ಯಾರನ್ನಾದರೂ ನಂಬುತ್ತಾರೆ. ಊರಿಗೆ ಬಂದ ಹೊಸ ಜ್ಯೋತಿಷಿಯನ್ನು ನಂಬುತ್ತಾರೆ, ಚುನಾವಣೆಯ ಭಾಷಣವನ್ನು ನಂಬುತ್ತಾರೆ, ಔರಾದದ ಬಸ್ಸು ಹೇಳಿದ ಹೊತ್ತಿಗೆ ಬಿಡುತ್ತದೆಂದೂ ನಂಬುತ್ತಾರೆ! ಈ ಜನ್ಮದಲ್ಲಿ ಅವರು ನಂಬದೇ ಹೋದದ್ದು ಕಬ್ಬಿಣವೊಂದನ್ನೇ.

ಅವರು ನನ್ನ ತಾಯಿಯ ತಮ್ಮ. ಮನೆ ಬೀದರಿನ ಮೈಲೂರದಲ್ಲಿ. ಕಸುಬು, ಎಂಆರ್‌ಐ ಯಂತ್ರಗಳ ದುರಸ್ತಿ. ಆ ಯಂತ್ರವೆಂದರೆ ಬೇರೇನಲ್ಲ, ಮನುಷ್ಯ ಮಲಗುವಷ್ಟು ದೊಡ್ಡ ತೂತಿರುವ ಒಂದು ಅಯಸ್ಕಾಂತ. ಮಲಗಿದವರ ಮೈಯೊಳಗಿನ ಚಿತ್ರ ತೆಗೆಯುವುದು ಅದರ ಉದ್ಯೋಗ. ಹತ್ತಿರ ಸುಳಿದ ಕಬ್ಬಿಣವನ್ನು ಎಳೆದುಕೊಳ್ಳುವುದು ಅದರ ಚಟ. ಒಮ್ಮೆ ಎಲ್ಲಿಯೋ ನೆಲ ಒರೆಸಲು ತಂದ ತಗಡಿನ ಬಕೆಟ್ಟು, ಪಂಕ್ತಿಯಲ್ಲಿ ಹೋಳಿಗೆ ಕಂಡ ಅಳಿಯನ ಹಾಗೆ, ಸೀದಾ ಒಳಗೆ ನುಗ್ಗಿ ಕೂತಿತ್ತಂತೆ. ಎಳೆದರೂ ಏಳಲಿಲ್ಲವಂತೆ. ಅದೂ ಅಳಿಯನ ಹಾಗೆಯೇ!

ಹೀಗಾಗಿ ಮಾಮಾ ಬಳಸುವ ಪಾನಾ, ಇಕ್ಕಳ, ಸುತ್ತಿಗೆ ಎಲ್ಲವೂ ಟೈಟೇನಿಯಂನವು. ಬೂದಿ ಬಣ್ಣ, ಕೈಗೆ ಹಗುರ, ಅಯಸ್ಕಾಂತ ಎಷ್ಟು ಕರೆದರೂ ತಿರುಗಿ ನೋಡದ ಸ್ವಭಾವ. ಒಂದು ಕಪ್ಪು ಪೆಟ್ಟಿಗೆ, ಅದರೊಳಗೆ ಮೆತ್ತನೆಯ ಸ್ಪಂಜು, ಸ್ಪಂಜಿನಲ್ಲಿ ಒಂದೊಂದು ಔಜಾರಕ್ಕೂ ಅದರದೇ ಆಕಾರದ ಖಾನೆ. ನಮ್ಮ ಮನೆಯಲ್ಲಿ ಮಕ್ಕಳನ್ನೂ ಯಾರೂ ಇಷ್ಟು ಮೆತ್ತಗೆ ಮಲಗಿಸಿಲ್ಲ.

ಕೆಲಸದಲ್ಲಿ ಈ ಎಚ್ಚರ ಬೇಕು, ಒಪ್ಪೋಣ. ಆದರೆ ಮಾಮಾ ಅದನ್ನು ಊರ ತುಂಬ ಹಂಚಿದರೆ? ಅಂಗಿಯ ಜೇಬಿನಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಅಯಸ್ಕಾಂತವೊಂದು ಸದಾ ಇರುತ್ತದೆ. ಕಂಡದ್ದಕ್ಕೆಲ್ಲ ಅದನ್ನು ಹಚ್ಚಿ ನೋಡಬೇಕು. ಹೊಸ ಚಪ್ಪಲಿಯಲ್ಲಿ ಮೊಳೆ ಇದೆಯೇ? ಪ್ಯಾಂಟಿನ ಹುಕ್ಕು ಎಂಥದು? ಸ್ಕ್ಯಾನಿಂಗ್ ಕೋಣೆಗೆ ಹೋಗುವಾಗ ಮಾತ್ರ ಅದನ್ನು ಹೊರಗೇ ಬಿಡುತ್ತಾರೆ. ಯಾಕೆಂದು ಕೇಳಿದರೆ, "ಎರಡು ಹುಲಿ ಒಂದ ಬೋನಿನ್ಯಾಗ ಇಡ್ತಾರೇನು?" ಎನ್ನುತ್ತಾರೆ.

ನನಗೆ ಹೆಣ್ಣು ನೋಡಲು ಔರಾದಕ್ಕೆ ಹೋದಾಗ ಹಿರಿಯರೆಂದು ಇವರನ್ನೇ ಕರೆದುಕೊಂಡು ಹೋಗಿದ್ದೆವು. ಸ್ಟೀಲ್ ತಾಟಿನಲ್ಲಿ ಮಂಡಕ್ಕಿಯ ಸುಸಲಾ ಬಂತು. ಉಳಿದವರು ಹುಡುಗಿಯ ಓದು, ಹೊಲ, ಬಳಗ ವಿಚಾರಿಸುತ್ತಿದ್ದರೆ ಇವರು ತಾಟನ್ನು ಎತ್ತಿ ತಳಕ್ಕೆ ಅಯಸ್ಕಾಂತ ಹಚ್ಚಿದರು. ಟಕ್ಕನೆ ಹತ್ತಿತು. "ಮಾಲು ಹಲ್ಕಾ ಅದರಿ" ಎಂದು ತೀರ್ಪು ಕೊಟ್ಟರು. ಹುಡುಗಿಯ ತಂದೆ ನನ್ನ ಕಡೆ ತಿರುಗಿದರು.

"ಇವರು ಬೀಗರಾಗ್ಲಿಕ್ಕೆ ಬಂದಾರೋ, ಭಾಂಡೆ ವ್ಯಾಪಾರಕ್ಕ ಬಂದಾರೋ, ಅಷ್ಟು ಹೇಳ್ರಿ."

ಆ ಮನೆಯ ಮಗಳೇ ಈಗ ನನ್ನ ಹೆಂಡತಿ. ಮಾಮಾ ಊಟಕ್ಕೆ ಬಂದರೆ ಇವತ್ತಿಗೂ ಅವಳು ತಪ್ಪದೆ ಪತ್ರಾವಳಿಯಲ್ಲೇ ಬಡಿಸುತ್ತಾಳೆ.

ಇಂಥವರ ಜೊತೆ ಸಂಸಾರ ಮಾಡುತ್ತಿರುವ ನಮ್ಮ ಅತ್ತಿಗೂ ಒಂದು ಯಂತ್ರವಿದೆ. ಹೊಲಿಗೆ ಯಂತ್ರ. ಮೈಲೂರದ ಅರ್ಧ ಹೆಂಗಸರ ಜಂಪರು ಅದರ ಕೆಳಗಿಂದಲೇ ಹಾದು ಹೋದವು. ಒಮ್ಮೆ ಅದರ ಬೋಲ್ಟು ಸಡಿಲಾಯಿತು. ಅತ್ತಿ ಕೈಗೆ ಸಿಕ್ಕ ಮಾಮಾನ ಪಾನಾ ತೆಗೆದುಕೊಂಡು ಬಿಗಿ ಮಾಡಿ, ತಿರುಗಿ ಇಡುವಾಗ ಪಕ್ಕದಲ್ಲಿದ್ದ ತಮ್ಮ ಉಕ್ಕಿನ ಪಾನಾವನ್ನು ಪೆಟ್ಟಿಗೆಗೆ ಸೇರಿಸಿದರು. ಖಾನೆಯಲ್ಲಿ ಸರಿಯಾಗಿ ಕೂತಿತು, ಪಾಪ, ಅವರಿಗೇನು ಗೊತ್ತು?

ಮಾಮಾ ಭಾಲ್ಕಿಗೆ ಹೋಗಿ, ಸ್ಕ್ಯಾನಿಂಗ್ ಕೋಣೆಯ ಬಾಗಿಲ ಹೊರಗೇ ನಿಂತು ಪಾನಾ ಎತ್ತಿದರು. ಕೈಗೆ ಭಾರ ಬಂತು. ಅಯಸ್ಕಾಂತ ಹಚ್ಚಿದರೆ, ಹತ್ತಿತು! ಪೆಟ್ಟಿಗೆ ಮುಚ್ಚಿ, ಅಲ್ಲಿದ್ದವರಿಗೆ ಕೈಮುಗಿದು, ಬಂದ ದಾರಿ ಹಿಡಿದು ಬೀದರಿಗೆ ಬಂದರು. ಮನೆಯಲ್ಲಿ ಬೈಯಲಿಲ್ಲ. ಎರಡೂ ಪಾನಾಗಳನ್ನು ಅತ್ತಿಯ ಎರಡು ಕೈಯಲ್ಲಿ ಕೊಟ್ಟು ತೂಗಿ ನೋಡಲು ಹೇಳಿದರಂತೆ. "ಇದು ನಿನ್ನ ಮಿಷನ್ನಿಂದು, ಇದು ನನ್ನ ಮಿಷನ್ನಿಂದು. ಅದಲುಬದಲಾದ್ರ ನಾ ಮನಿಗಿ ಬರಂಗಿಲ್ಲ." ಅತ್ತಿ ಅಂದಿನಿಂದ ಪೆಟ್ಟಿಗೆ ಮುಟ್ಟಲಿಲ್ಲ, ವರ್ಷಕ್ಕೊಂದು ದಿನ ಬಿಟ್ಟು.

ಆ ಒಂದು ದಿನ ಖಂಡೇ ಪೂಜೆ. ದಸರೆಗೆ ಔಜಾರಕ್ಕೆ ಕುಂಕುಮ ಹಚ್ಚದ ಮನೆ ಇದೆಯೇ? ಮಾಮಾ ಕುಂಕುಮಕ್ಕೂ ಅಯಸ್ಕಾಂತ ಹಿಡಿದರು! ಪುಡಿಯಲ್ಲಿ ಏನು ಬೆರೆಸಿರುತ್ತಾರೋ ಎಂದು ಬೇಡವೆಂದರು. ಭಸ್ಮ? ಸಂಶಯ. ನಿಂಬೆಹಣ್ಣು? ರಸ ಸೋರುತ್ತದೆ. ಅತ್ತಿ ಒಳಗೆ ಹೋಗಿ, ಹಳದಿ ದಾರಕ್ಕೆ ಕಟ್ಟಿದ ಅರಿಶಿಣ ಕೊಂಬೊಂದನ್ನು ತಂದು ಎದುರಿಗೆ ಹಿಡಿದರು. ಇದಕ್ಕೂ ಹಚ್ಚಿ ನೋಡಿರಿ ಎಂದರು. ಹಚ್ಚಿದರು. ಅಯಸ್ಕಾಂತ ಮಿಸುಕಲಿಲ್ಲ. "ಇದು ಪಾಸ್" ಎಂದರು ಮಾಮಾ. ಸ್ಪಂಜಿನ ಮೂಲೆಯಲ್ಲಿ ಒಂದು ಖಾನೆ ಕೊರೆದು, ಟೈಟೇನಿಯಂ ಬಳಗದ ನಡುವೆ ಕೊಂಬಿಗೂ ಜಾಗ ಕೊಟ್ಟರು. ಅಲ್ಲಿಂದ ಪ್ರತಿ ದಸರೆಗೂ ಹಳೆಯದು ಹೋಗಿ ಹೊಸದು ಬಂತು.

ಹೋದ ವರ್ಷ ಅತ್ತಿಯ ಬಲಗೈ ಜೋಮು ಹಿಡಿಯತೊಡಗಿತು. ಮೊದಲು ಸೂಜಿ ಜಾರಿತು, ಆಮೇಲೆ ಕತ್ತರಿ, ಆಮೇಲೆ ನೀರು ತುಂಬಿದ ಚರಿಗೆ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿಟ್ಟರು. ಡಾಕ್ಟರು ಕುತ್ತಿಗೆಯ ನರ ಒತ್ತಿರಬಹುದು, ಎಂಆರ್‌ಐ ಮಾಡಿಸಿ, ತಡವಾದರೆ ಕೈ ಕೆಲಸಕ್ಕೆ ಬಾರದು ಎಂದರು. ಇನ್ನೇನು, ಮನೆಯದೇ ಯಂತ್ರವಲ್ಲವೇ? ಆದರೆ ಅತ್ತಿ ಒಪ್ಪಲಿಲ್ಲ! ಶ್ರಾವಣ ಮುಗಿಯಲಿ ಎಂದರು. ಶ್ರಾವಣ ಮುಗಿದ ಮೇಲೆ ತೊಗರಿ ರಾಶಿ ಮುಗಿಯಲಿ ಎಂದರು. ಮಾಮಾ ಯಂತ್ರದ ಗುಣಗಾನ ಮಾಡಿದಷ್ಟೂ ಅತ್ತಿಗೆ ಆ ಬಕೆಟ್ಟೇ ನೆನಪಾಗುತ್ತಿದೆಯೆಂದು ನಾವು ತಿಳಿದೆವು. ಕಡೆಗೊಂದು ದಿನ ತಟ್ಟುತ್ತಿದ್ದ ರೊಟ್ಟಿ ಕೈಯಿಂದ ಹರಿದು ಬಿತ್ತು. ಆಗ ಹೂಂ ಎಂದರು.

ಭಾಲ್ಕಿಗೇ ಹೋಗಬೇಕೆಂದು ಮಾಮಾನ ಹಟ. ಅಲ್ಲಿನ ಯಂತ್ರ "ಭಾಳ ಶಾಣ್ಯಾ" ಅಂತೆ. ನಾನೂ ಹೋದೆ. ಒಳಗೆ ಹೋಗುವ ಮುನ್ನ ಮೈಮೇಲಿನದೆಲ್ಲ ಕಳಚಬೇಕೆಂದು ಅಲ್ಲಿನ ಹುಡುಗಿ ಹೇಳಿದಳು. ಮಾಮಾ ತಮ್ಮ ಅಯಸ್ಕಾಂತವನ್ನು ನನ್ನ ಕೈಗಿತ್ತು ದೂರ ನಿಲ್ಲಿಸಿದರು. ಅತ್ತಿ ಬಳೆ ತೆಗೆದರು, ಓಲೆ ತೆಗೆದರು, ಬಗ್ಗಿ ಕಾಲುಂಗುರ ತೆಗೆದರು. ಎಲ್ಲ ಮಾಮಾನ ಕರವಸ್ತ್ರಕ್ಕೆ ಬಂತು. ಕೈ ತಾಳಿಗೆ ಹೋಗಿ ಅಲ್ಲೇ ನಿಂತಿತು.

"ಇದು ಬಂಗಾರದ್ದು. ಬಂಗಾರಕ್ಕ ಅಯಸ್ಕಾಂತ ಹತ್ತಂಗಿಲ್ಲ ಅಂತ ನೀವೇ ಹೇಳ್ತೀರಲ್ಲ" ಎಂದರು.

"ಕೊಂಡಿ ಒಳಗ ಸ್ಪ್ರಿಂಗ್ ಇರ್ತದ" ಎಂದರು ಮಾಮಾ.

"ನೀವು ಕಣ್ಣ ಮುಂದ ನಿಂತೀರಿ. ನಾ ಬರಿ ಕೊಳ್ಳಾಗಿ ಹ್ಯಾಂಗ ಮಲಗಲಿರಿ?"

ಓಹೋ! ಶ್ರಾವಣವೂ ಅಲ್ಲ, ತೊಗರಿಯೂ ಅಲ್ಲ, ಬಕೆಟ್ಟೂ ಅಲ್ಲ. ಇಷ್ಟು ತಿಂಗಳು ಅವರು ಹೊತ್ತು ತಿರುಗಿದ್ದು ಇದನ್ನು. ಹುಡುಗಿ ಗಡಿಯಾರ ನೋಡಿದಳು. ಅತ್ತಿ ಕಾಲುಂಗುರಕ್ಕೆ ಕೈಚಾಚಿ, ಮನಿಗಿ ಹೋಗೋಣ ನಡೀರಿ ಎಂದರು.

ಮಾಮಾ ಎಲ್ಲಿಗೆ ಹೋದರೂ ಬಿಡದ ಆ ಕಪ್ಪು ಪೆಟ್ಟಿಗೆಯನ್ನು ಬೆಂಚಿನ ಮೇಲೆ ಇಟ್ಟು ತೆರೆದರು. ಮೂಲೆಯ ಖಾನೆಯಿಂದ ಅರಿಶಿಣ ಕೊಂಬನ್ನು ಎತ್ತಿದರು. ರೂಢಿಯಂತೆ ಕೈ ಜೇಬಿಗೆ ಹೋಯಿತು, ಜೇಬು ಖಾಲಿ. ನಾನು ಅಯಸ್ಕಾಂತ ಹಿಡಿದು ದೂರದಲ್ಲಿದ್ದೆ. ಅವರು ನನ್ನತ್ತ ನೋಡಲೂ ಇಲ್ಲ. ಪರೀಕ್ಷೆಯಿಲ್ಲದೆ ಮಾಮಾ ಒಂದು ವಸ್ತುವನ್ನು ನಂಬಿದ್ದನ್ನು ನಾನು ಕಂಡದ್ದು ಅದೇ ಮೊದಲು.

ದಾರವನ್ನು ಅತ್ತಿಯ ಕೊರಳಿಗೆ ತಂದರು. ಸಾಸಿವೆಯಷ್ಟು ಸ್ಕ್ರೂ ಜಾರಿಸದ ಬೆರಳುಗಳು ಗಂಟು ಹಾಕಲಾರದೆ ತಡಕಾಡಿದವು.

"ಬಿಗಿ ಹಾಕ್ರಿ" ಎಂದರು ಅತ್ತಿ, ಗೋಡೆಯ ಕಡೆ ಮುಖ ಮಾಡಿಕೊಂಡೇ. "ಲಗ್ನದಾಗ ಸಡ್ಲ ಹಾಕಿದ್ರಿ."

ಆಮೇಲೆ ತಾವೇ ಬಂಗಾರ ಕಳಚಿ ಅವರ ಅಂಗೈಯಲ್ಲಿಟ್ಟು ಒಳಗೆ ಹೋದರು.

ಯಂತ್ರ ಬಡಿಯತೊಡಗಿತು. ಅದರ ಸಪ್ಪಳ ಕೇಳಿಯೇ ರೋಗ ಹೇಳಬಲ್ಲ ಮಾಮಾ ಕರವಸ್ತ್ರದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಿಷನ್ ಸರಿ ಅದ ಏನ್ರಿ ಎಂದು ಕೇಳಿದೆ. "ಇವತ್ತ ಕಿವಿಗಿ ಏನೂ ತಿಳೀವಲ್ದು" ಎಂದರು.

ನರ ಒತ್ತಿದ್ದು ನಿಜವೇ ಆಗಿತ್ತು. ಔಷಧ, ಕುತ್ತಿಗೆಗೊಂದು ಪಟ್ಟಿ, ದಿನಾ ವ್ಯಾಯಾಮ. ನಿಧಾನವಾಗಿ ಕೈ ತಿರುಗಿ ಬಂತು. ಹೊಲಿಗೆ ಯಂತ್ರದ ಮೇಲಿನ ಬಟ್ಟೆಯೂ ಸರಿಯಿತು. ಬಂಗಾರ ಮತ್ತೆ ಕೊರಳೇರಿದೆ. ಆದರೆ ಪಕ್ಕದಲ್ಲಿ ಆ ಅರಿಶಿಣ ಕೊಂಬೂ ಇದೆ, ಅತ್ತಿ ಬಿಚ್ಚಿಲ್ಲ.

ಮೊನ್ನೆ ಪೆಟ್ಟಿಗೆ ತೆರೆದಾಗ ಮೂಲೆಯ ಖಾನೆ ಖಾಲಿ ಕಂಡಿತು. ಬೇರೆ ಔಜಾರ ಇಡಬಾರದೇ ಎಂದು ಕೇಳಿದೆ. ಮಾಮಾ ಪೆಟ್ಟಿಗೆ ಮುಚ್ಚಿದರು.

"ಬ್ಯಾಡ. ಅದರ ಔಜಾರ ಕೆಲಸದ ಮ್ಯಾಲ ಹೋಗ್ಯಾದ."